ಸಂಘದ ಐವತ್ತು ವರ್ಷಗಳನ್ನು ಯಾವ ದಿನದಿಂದ ಎಣಿಸಬೇಕು?

ಪ್ರಶ್ನೆ: ಸೇವಾ ಸಂಘವೊಂದರ ಕಾರ್ಯದರ್ಶಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಗೆ ದಾಖಲಾದ ಹಳ್ಳಿಯ ರೋಗಿಗಳ ಜೊತೆಯಲ್ಲಿ ಬಂದು ವರಾಂಡದಲ್ಲಿ ಉಳಿಯುವವರಿಗೆ ಬೆಳಗಿನ ಗಂಜಿ ಕೊಡುವ ಕೆಲಸದಿಂದ ಆರಂಭವಾದ ನಮ್ಮ ಸಂಘವು ಈಗ ಸುವರ್ಣ ಮಹೋತ್ಸವಕ್ಕೆ ಸಿದ್ಧವಾಗುತ್ತಿದೆ. ತೊಡಕಿರುವುದು ತಾರೀಖಿನಲ್ಲಿ. ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ 1974ರ ದೀಪಾವಳಿ ಕಳೆದ ಮೇಲೆ ಮಂಡಿಪೇಟೆಯ ಅಂಗಡಿಯೊಂದರ ಮಹಡಿಯಲ್ಲಿ ಒಂಬತ್ತು ಮಂದಿ ಸೇರಿದ ವಿವರವಿದೆ. ನೋಂದಣಿ ಪತ್ರವಾದರೋ 1976ರದು. ಐವತ್ತು ಆಗಲೇ ತುಂಬಿಹೋಯಿತು, ನೀವು ಮಲಗಿದ್ದಿರಿ ಎಂದು ಹಿರಿಯರು ಗದರುತ್ತಾರೆ. ಕಾಗದದಲ್ಲಿ ಇರುವುದೇ ಸರಿ ಎಂಬುದು ಕಿರಿಯರ ವಾದ. ಇದರ ಜೊತೆಗೆ, ಸ್ಮರಣ ಸಂಚಿಕೆಯನ್ನು ತರಬೇಕೆ, ಒಂದೇ ದಿನ ಐನೂರು ಜನರಿಂದ ರಕ್ತದಾನ ಮಾಡಿಸಬೇಕೆ ಎಂಬ ಚರ್ಚೆಯೂ ನಡೆದಿದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1: ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ದೊಡ್ಡ ಸಂಸ್ಥೆಗಳೂ ಈ ವಿಷಯದಲ್ಲಿ ಒಂದೇ ಲೆಕ್ಕ ಹಿಡಿದಿಲ್ಲ. ಪಾಲ್ ಹ್ಯಾರಿಸ್ ಮತ್ತು ಅವರ ಮೂವರು ಪರಿಚಿತರು ಶಿಕಾಗೋದ ಒಂದು ಕಚೇರಿಯ ಕೋಣೆಯಲ್ಲಿ ಸೇರಿದ 1905ರ ಫೆಬ್ರವರಿ 23ನ್ನೇ ರೋಟರಿ ತನ್ನ ಹುಟ್ಟಿದ ದಿನವೆನ್ನುತ್ತದೆ; ಅಂದು ಆ ಕೂಟಕ್ಕೆ ಹೆಸರೂ ಇರಲಿಲ್ಲ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್, ಬೇರೆಬೇರೆಯಾಗಿದ್ದ ಸಂಘಗಳು ಒಂದಾದ 1950ರ ನವೆಂಬರ್ 7ನ್ನು ಆಚರಿಸುತ್ತದೆ. ರೆಡ್ ಕ್ರಾಸ್ ಸಮಿತಿ ಮೊದಲು ಕೂಡಿದ್ದು 1863ರ ಫೆಬ್ರವರಿಯಲ್ಲಾದರೂ ಲೋಕವೆಲ್ಲ ಅದರ ದಿನವನ್ನು ಮೇ 8ರಂದು, ಅಂದರೆ ಅದರ ಸ್ಥಾಪಕರಲ್ಲೊಬ್ಬರಾದ ಹೆನ್ರಿ ಡ್ಯುನಾಂಟರ ಜನ್ಮದಿನದಂದು, ಆಚರಿಸುತ್ತದೆ. ಹೀಗಿರುವಾಗ ನಿಮ್ಮ ಹಿರಿಯರು ಹೇಳುವುದನ್ನು ತಪ್ಪೆನ್ನಲಾಗದು. ಆದರೆ ಕಳೆದುಹೋದ ಐವತ್ತನ್ನು ಈಗ ಹಿಂದಕ್ಕೆ ಎಳೆದು ತರುವುದೂ ಚೆನ್ನಾಗಿ ಕಾಣದು. ಆಮಂತ್ರಣದಲ್ಲಿ 'ಆರಂಭ 1974, ನೋಂದಣಿ 1976' ಎಂದು ಎರಡನ್ನೂ ಅಚ್ಚು ಹಾಕಿಸಿ, ಇದು ನೋಂದಣಿಯ ಸುವರ್ಣ ಮಹೋತ್ಸವ ಎಂದು ನೇರವಾಗಿ ಬರೆಯಿರಿ.

ಇನ್ನೊಂದು ಮಾತು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ನಿಮ್ಮ ನೋಂದಣಿ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ. ಸಂಚಿಕೆಯಲ್ಲಿ ಅದನ್ನು ಅಚ್ಚಿನ ತಪ್ಪೆಂದು ಯಾರಾದರೂ ತಿದ್ದಿಬಿಟ್ಟಾರು, ಎಚ್ಚರ. (ನಮ್ಮ ದುರ್ಗದವರಿಗೆ ಅದೊಂದು ಸಣ್ಣ ಸಮಾಧಾನವೂ ಹೌದು.)

ಉತ್ತರ 2: ರಕ್ತನಿಧಿಯಲ್ಲಿ ತಂತ್ರಜ್ಞನಾಗಿದ್ದವನು, ದಾವಣಗೆರೆ

ಐನೂರು ಎಂಬ ಸಂಖ್ಯೆ ಫಲಕದ ಮೇಲೆ ಚೆಂದ ಕಾಣುತ್ತದೆ, ಶೈತ್ಯಾಗಾರದಲ್ಲಿ ಅಲ್ಲ. ಸಾಮಾನ್ಯವಾಗಿ ಬಳಸುವ ಚೀಲದಲ್ಲಿ ಇಡಿಯ ರಕ್ತವನ್ನು 35 ದಿನಗಳವರೆಗೆ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿದರೆ ಅವು ಉಳಿಯುವುದು ಐದೇ ದಿನ. ಬೇಡಿಕೆಗಿಂತ ಹೆಚ್ಚಾಗಿ ಒಮ್ಮೆಗೇ ಬಂದದ್ದು ಅವಧಿ ಮೀರಿ ಚೆಲ್ಲಿಹೋಗುತ್ತದೆ. ಅತ್ತ, ಅಂದು ಕೊಟ್ಟ ಗಂಡಸರು ಮುಂದಿನ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಅಂದರೆ ನಿಮ್ಮ ಊರಿನ ಆಪದ್ಬಾಂಧವರನ್ನೆಲ್ಲ ಒಂದೇ ಬೆಳಿಗ್ಗೆ ಮುಗಿಸಿಬಿಟ್ಟು, ಆಮೇಲೆ ಡೆಂಗಿ ಬಂದಾಗ ಫೋನ್ ಹಿಡಿದು ಅಲೆಯಬೇಕಾಗುತ್ತದೆ. ಐವತ್ತರ ವರ್ಷದುದ್ದಕ್ಕೂ ಸಣ್ಣ ಶಿಬಿರಗಳನ್ನು ಹಂಚಿಡಿ. ಅವುಗಳಲ್ಲಿ ಒಂದನ್ನು ತಪ್ಪದೆ ಏಪ್ರಿಲ್–ಮೇ ತಿಂಗಳಿಗೆ ಇಟ್ಟುಕೊಳ್ಳಿ. ಕಾಲೇಜುಗಳಿಗೆ ರಜೆ ಇರುವುದರಿಂದ ಸಂಗ್ರಹ ಇಳಿಯುವುದು ಆಗಲೇ. ದಿನಾಂಕ ಗೊತ್ತುಮಾಡುವ ಮೊದಲು ರಕ್ತನಿಧಿಯವರನ್ನು ಕೇಳಿ, ಅವರಿಗೆ ಬೇಕಾದಷ್ಟನ್ನೇ ಕೊಡಿ.

ಉತ್ತರ 3: ಗೃಹಿಣಿ, ಹರಿಹರ

ಸಂಚಿಕೆಯ ಬಗ್ಗೆ ನನ್ನದೊಂದು ಮಾತು. ನನ್ನ ಅತ್ತೆಯವರು ಇಲ್ಲಿನ ಒಂದು ಸಂಘಕ್ಕಾಗಿ ಹದಿನೆಂಟು ವರ್ಷ ಅಡುಗೆ ಮಾಡಿದರು. ಆ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅಧ್ಯಕ್ಷರುಗಳ ಭಾವಚಿತ್ರಗಳಿದ್ದವು, ಜಾಹೀರಾತುಗಳಿದ್ದವು, ಶುಭಾಶಯ ಸಂದೇಶಗಳಿದ್ದವು. ಒಲೆಯ ಮುಂದಿದ್ದವರ ಹೆಸರಿರಲಿಲ್ಲ, ಏಕೆಂದರೆ ಅವರಾರೂ ಚಂದಾ ಕಟ್ಟಿದ ಸದಸ್ಯರಲ್ಲ. ಅತ್ತೆಯವರು ಪುಟಗಳನ್ನು ಎರಡು ಸಲ ತಿರುವಿ, ಏನೂ ಹೇಳದೆ ಅದನ್ನು ಕಪಾಟಿನ ಮೇಲಿಟ್ಟರು. ನಿಮ್ಮಲ್ಲಿಯೂ ಆ ಗಂಜಿಯನ್ನು ಯಾರೋ ಕಾಯಿಸಿರಬೇಕು, ಯಾರೋ ಸೈಕಲ್ಲಿನ ಮೇಲೆ ಹೊತ್ತಿರಬೇಕು. ನಡಾವಳಿ ಪುಸ್ತಕದಲ್ಲಿ ಅವರು ಸಿಗುವುದಿಲ್ಲ. ಲೆಕ್ಕದ ಪುಸ್ತಕ ತೆಗೆದು ಅಕ್ಕಿ, ಸೌದೆ, ಕೂಲಿ ಎಂದು ಬರೆದಿರುವ ಕಡೆ ನೋಡಿ, ಹೆಸರು ಸಿಕ್ಕವರ ಮನೆಗೆ ಹೋಗಿ ಅವರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅಚ್ಚು ಆಮೇಲೆ ಆದರೂ ನಡೆಯುತ್ತದೆ.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಭಾನುವಾರದ ಸಭೆಯಲ್ಲಿ ಎರಡೂ ವರ್ಷಗಳನ್ನು ಅಚ್ಚು ಹಾಕಿಸಲು ಒಪ್ಪಿಗೆಯಾಗಿದೆ. ರಕ್ತದಾನ ನಾಲ್ಕು ಶಿಬಿರಗಳಾಗಿ ಒಡೆದಿದೆ, ಒಂದು ಮೇ ತಿಂಗಳಲ್ಲಿ. ಹರಿಹರದ ಅಕ್ಕನವರ ಮಾತಿನಂತೆ ಲೆಕ್ಕದ ಪುಸ್ತಕವನ್ನೂ ತೆರೆದೆವು. ಅದರಲ್ಲಿ ಸೌದೆಯ ಮೊದಲ ಬಾಬ್ತು ನಮೂದಾಗಿರುವುದು 1974ರ ಶ್ರಾವಣದಲ್ಲಿ, ಅಂದರೆ ಒಂಬತ್ತು ಮಂದಿಯ ಸಭೆಗೂ ಎಷ್ಟೋ ಮೊದಲು. ಆ ಒಂಬತ್ತರಲ್ಲಿ ಈಗ ಉಳಿದಿರುವ ಇಬ್ಬರನ್ನು ಕೇಳಿದರೆ, ಗಂಜಿ ಆಗಲೇ ಹೋಗುತ್ತಿತ್ತು, ಸೌದೆಯ ಸಾಲ ಬೆಳೆದದ್ದರಿಂದ ಸಭೆ ಕರೆದೆವು ಎನ್ನುತ್ತಾರೆ. ಆಮಂತ್ರಣದ ಕರಡು ಮತ್ತೆ ತಿದ್ದುಪಡಿಗೆ ಹೋಗಿದೆ.