ಆಮೆಮರಿ ಮೂರು ದಿನದಿಂದ ಏನೂ ತಿಂತಿಲ್ಲ, ಸಾಕಿರೋರು ದಯವಿಟ್ಟು ಹೇಳಿ

ಮಗಳ ಬರ್ತ್‌ಡೇಗೆ ಅಂತ ನೀರಾಮೆ ಮರಿ ತಂದ್ವಿ, ಅಂಗೈಲಿ ಹಿಡಿಯೋಷ್ಟಿದೆ, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಣ ಸೀಗಡಿ ಪ್ಯಾಕೆಟ್ ಕೊಟ್ಟು ಇಷ್ಟೇ ಸಾಕು ಅಂದ್ರು. ಬೆಂಗಳೂರಲ್ಲಿ ಈಗ ಚಳಿ ಬೇರೆ. ಮೂರು ದಿನದಿಂದ ಬಾಯೇ ಹಾಕಿಲ್ಲ, ಸುಮ್ನೆ ಒಂದು ಮೂಲೇಲಿ ಕೂತಿರುತ್ತೆ. ಭಯ ಆಗ್ತಿದೆ.

ಉತ್ತರ 1
ಮೇಡಂ, ಅದು ರೆಡ್ ಇಯರ್ಡ್ ಸ್ಲೈಡರ್, ನಮ್ಮನೇಲೂ ಒಂದಿದೆ, ಆರು ವರ್ಷ ಆಯ್ತು. ಊಟದ ಯೋಚ್ನೆ ಆಮೇಲೆ, ಮೊದ್ಲು ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ. ಆಮೆಗೆ ತನ್ನ ಮೈ ತಾನೇ ಬಿಸಿ ಮಾಡ್ಕೊಳಕ್ಕೆ ಬರಲ್ಲ, ನೀರು ತಣ್ಣಗಿದ್ರೆ ತಿಂದಿದ್ದು ಅರಗಲ್ಲ, ಅದಕ್ಕೇ ತಿನ್ನೋದೇ ಬಿಟ್ಬಿಡುತ್ತೆ. ಮರಿಗೆ 26ರಿಂದ 28 ಡಿಗ್ರಿ ಬೇಕು, ನಮ್ದು ಜನವರೀಲಿ 20 ತೋರಿಸ್ತಿತ್ತು, ಅಕ್ವೇರಿಯಂ ಹೀಟರ್ ಹಾಕಿದ ಎರಡನೇ ದಿನಕ್ಕೇ ಪೆಲೆಟ್ (ಕಾಳಿನ ಥರ ಇರೋ ರೆಡಿಮೇಡ್ ಆಹಾರ) ಹಿಂದೆ ಈಜ್ಕೊಂಡು ಹೋಯ್ತು. ಆ ಡಬ್ಬೀಲಿ ಹೀಟರ್ ಮುಳುಗಲ್ಲ, ದೊಡ್ಡ ಟಬ್ ತಗೊಳ್ಳಿ.

ಇನ್ನೊಂದು, ಪೂರ್ತಿ ನೀರಿಂದ ಹೊರಗೆ ಬಂದು ಮೈ ಒಣಗಿಸ್ಕೊಳಕ್ಕೆ ಜಾಗ ಬೇಕೇ ಬೇಕು, ನಾನು ಎರಡು ಇಟ್ಟಿಗೆ ಮೇಲೆ ಮಂಗಳೂರು ಹೆಂಚಿನ ಚೂರು ಓರೆಯಾಗಿ ಇಟ್ಟಿದ್ದೆ, ಹೆಂಚು ಒರಟಾಗಿರೋದ್ರಿಂದ ಕಾಲು ಜಾರಲ್ಲ. ಅಲ್ಲಿಗೆ ನೇರ ಬಿಸಿಲು ಬೀಳ್ಬೇಕು, ಇಲ್ಲಾಂದ್ರೆ ಯುವಿಬಿ (ಬಿಸಿಲಲ್ಲಿರೋ ಒಂಥರಾ ಅಲ್ಟ್ರಾವಯೊಲೆಟ್ ಕಿರಣ) ಕೊಡೋ ಲೈಟ್ ಹಾಕ್ಬೇಕು. ಕಿಟಕಿ ಗಾಜು ದಾಟಿ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಯುವಿಬಿ ಗಾಜಲ್ಲೇ ನಿಂತೋಗುತ್ತೆ, ಅದಿಲ್ದೆ ಎಷ್ಟು ಕ್ಯಾಲ್ಸಿಯಂ ಕೊಟ್ರೂ ಮೈಗೆ ಹತ್ತಲ್ಲ. ನಾನು ಎಂಟು ತಿಂಗಳು ಗಾಜಿನ ಹಿಂದೇನೇ ಇಟ್ಟಿದ್ದೆ, ಚಿಪ್ಪಿನ ಅಂಚು ಬೆರಳಲ್ಲಿ ಒತ್ತಿದ್ರೆ ಬಗ್ತಿತ್ತು, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಬಾಲ್ಕನೀಲಿ ಬೆಳಗಿನ ಬಿಸಿಲಿಗೆ ಇಡಿ, ಅರ್ಧ ಟಬ್ ನೆರಳಲ್ಲಿರ್ಲಿ, ಮೇಲೆ ಜಾಲರಿ ಮುಚ್ಚಿ, ಕಾಗೆ ಎತ್ಕೊಂಡ್ ಹೋಗ್ಬಿಡುತ್ತೆ.

ಉತ್ತರ 2
ಒಣ ಸೀಗಡಿ ಒಂದನ್ನೇ ಕೊಡ್ಬೇಡಿ ಅಕ್ಕ. ನಾನು ಅದನ್ನೇ ಹಾಕಿ ಹಾಕಿ ಮರಿಗೆ ಕಣ್ಣು ಊದ್ಕೊಂಡು ತೆರೆಯಕ್ಕೇ ಆಗ್ತಿರ್ಲಿಲ್ಲ, ವಿಟಮಿನ್ ಎ ಕಮ್ಮಿ ಆಗಿದೆ ಅಂದ್ರು ಡಾಕ್ಟ್ರು. ದಿನಾ ಅದರ ತಲೆ ಗಾತ್ರದಷ್ಟು ಆಮೆ ಪೆಲೆಟ್ ಸಾಕು, ನೀರಲ್ಲೇ ಹಾಕಿ, ನೀರಿಲ್ದೆ ಇದು ನುಂಗಲ್ಲ. ಒಂದ್ ಕಡೆ ವಾಲ್ಕೊಂಡು ತೇಲ್ತಿದ್ರೆ, ಮೂಗಲ್ಲಿ ಗುಳ್ಳೆ ಬರ್ತಿದ್ರೆ ಅದು ಶ್ವಾಸಕೋಶದ ಸೋಂಕಿರ್ಬಹುದು, ಮನೆಮದ್ದು ಮಾಡ್ಕೊಂಡು ಕೂರ್ಬೇಡಿ, ಆಮೆ ನೋಡೋ ವೆಟ್ ಹತ್ರ ಅವತ್ತೇ ಹೋಗಿ.

ಉತ್ತರ 3
ಮಗು ಇದೆ ಅಂದ್ರಲ್ಲ, ಮುಟ್ಟಿದ್ಮೇಲೆ ಪ್ರತಿ ಸಲ ಸೋಪಲ್ಲಿ ಕೈ ತೊಳೆಸಿ, ಟಬ್ ನೀರನ್ನ ಅಡುಗೆಮನೆ ಸಿಂಕಿಗೆ ಚೆಲ್ಬೇಡಿ. ಆಮೆ ಮೈಲಿ, ನೀರಲ್ಲಿ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರುತ್ತೆ, ಮಕ್ಕಳಿಗೆ ಹರಡುತ್ತೆ ಅಂತ್ಲೇ ಅಮೆರಿಕಾದಲ್ಲಿ 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆ ಮಾರೋದು ನಿಷೇಧ ಮಾಡಿದ್ರು. ಇದು ಊಟದ ತಟ್ಟೆಯಷ್ಟಗಲ ಬೆಳೆಯುತ್ತೆ, 20–30 ವರ್ಷ ಬದುಕುತ್ತೆ. ಸಾಕಾಯ್ತು ಅಂತ ಕೆರೆಗೆ ಮಾತ್ರ ಬಿಡ್ಬೇಡಿ, ಇದು ಅಮೆರಿಕಾ ಕಡೇದು, ನಮ್ಮ ಕೆರೆ ಆಮೆಗಳ ಊಟ, ಜಾಗ ಎಲ್ಲಾ ಕಿತ್ಕೊಳುತ್ತೆ.

ಕೇಳಿದವರು
ಈಗ್ಲೇ ನೋಡ್ದೆ, ನೀರು 19 ಇದೆ. ಇವ್ರು ಹೀಟರ್ ತರಕ್ಕೆ ಹೊರಟ್ರು, ನಾನು ಹಿತ್ಲಲ್ಲಿ ಹೆಂಚು ಹುಡುಕ್ತಿದೀನಿ.