ಶುಗರ್, ಮಂಡಿನೋವು ಇರುವ ಅಮ್ಮನಿಗೆ ಪರ್ಸನಲ್ ಟ್ರೈನರ್ ಆರಿಸುವುದು ಹೇಗೆ?

ಕುವೆಂಪುನಗರದ_ಮಗಳು:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ಅಮ್ಮನಿಗೆ ಪರ್ಸನಲ್ ಟ್ರೈನರ್ ಹುಡುಕುತ್ತಿದ್ದೇವೆ. ವಯಸ್ಸು 54, ತೂಕ 71 ಕೆ.ಜಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಜೊತೆಗೆ ಬಿಪಿ ಮಾತ್ರೆ. ಮೆಟ್ಟಿಲು ಇಳಿಯುವಾಗ ಬಲಮಂಡಿ ನೋಯುತ್ತದೆ. ಬರೀ ವಾಕಿಂಗ್ ಸಾಲದು, ತೂಕ ಎತ್ತುವ ವ್ಯಾಯಾಮವೂ ಬೇಕು ಅಂತ ಡಾಕ್ಟರು ಹೇಳಿದ್ದಾರೆ. ಹತ್ತಿರದ ಜಿಮ್‌ನಲ್ಲಿ ಇಬ್ಬರಿದ್ದಾರೆ. ಒಬ್ಬರು ಬಾಡಿಬಿಲ್ಡಿಂಗ್‌ನಲ್ಲಿ ಮೆಡಲ್ ತೆಗೆದುಕೊಂಡವರು, ಮೂರು ತಿಂಗಳಲ್ಲಿ 15 ಕೆ.ಜಿ. ಇಳಿಸುತ್ತೇನೆ ಎನ್ನುತ್ತಾರೆ. ಇನ್ನೊಬ್ಬರ ಹತ್ತಿರ ಸರ್ಟಿಫಿಕೇಟ್ ಇದೆ, ಆದರೆ ಇನ್ನೂ 24–25ರ ಹುಡುಗ. 36 ಸೆಷನ್‌ಗೆ ಒಟ್ಟಿಗೇ ಕಟ್ಟಿದರೆ ರಿಯಾಯಿತಿಯಂತೆ. ಯಾರನ್ನು ನಂಬುವುದು?

ಗರಡಿ_ಮಣ್ಣು:
ಮೇಡಂ, ಮೆಡಲನ್ನೂ ವಯಸ್ಸನ್ನೂ ಸದ್ಯಕ್ಕೆ ಬದಿಗಿಡಿ. ಸ್ಪರ್ಧೆಗೆ ತನ್ನ ಮೈ ಹುರಿಗೊಳಿಸುವ ವಿದ್ಯೆ ಬೇರೆ, 54ರ ಹೆಂಗಸು ಕುರ್ಚಿಯಿಂದ ನೋವಿಲ್ಲದೆ ಏಳುವಂತೆ ಮಾಡುವ ವಿದ್ಯೆ ಬೇರೆ. ಸಂಜೆ ಜನ ತುಂಬಿರುವ ಹೊತ್ತಿಗೆ ಒಂದು ಗಂಟೆ ಕೂತು ಇಬ್ಬರ ಕೆಲಸವನ್ನೂ ನೋಡಿ. ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸುತ್ತು) ನಡೆಯುವಾಗ ಟ್ರೈನರ್ ಕಣ್ಣು ಎಲ್ಲಿದೆ, ಮೊಬೈಲ್ ಮೇಲೋ ಕ್ಲೈಂಟ್ ಮೇಲೋ? ಎತ್ತಿದ ತೂಕ, ರೆಪ್ (ಒಂದು ಸುತ್ತಿನಲ್ಲಿ ಎಷ್ಟು ಸಲ ಮಾಡಿದರು) ಬರೆದಿಡುತ್ತಾರಾ? ಒಬ್ಬರ ಹಿಂದೆ ಒಬ್ಬರು ಬಂದ ಮೂವರಿಗೂ ಅದದೇ ವ್ಯಾಯಾಮ ಆದರೆ ಅಲ್ಲಿಗೆ ಬಿಟ್ಟುಬಿಡಿ.

ಆಮೇಲೆ ಒಂದೇ ಒಂದು ಸೆಷನ್‌ಗೆ ದುಡ್ಡು ಕೊಟ್ಟು ಟ್ರಯಲ್ ಮಾಡಿಸಿ. ಬಲ್ಲವರಾದರೆ ಮೊದಲ ಹದಿನೈದು ನಿಮಿಷ ಪ್ರಶ್ನೆಯಲ್ಲೇ ಕಳೆಯುತ್ತಾರೆ: ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಎದೆನೋವು ಅಥವಾ ತಲೆಸುತ್ತು ಬಂದಿದೆಯಾ, ಆಪರೇಷನ್ ಆಗಿದೆಯಾ, ಮಂಡಿ ಯಾವಾಗ ನೋಯುತ್ತದೆ. ಮಾತ್ರೆಯ ಹೆಸರು ಕೇಳದೆ ಟ್ರೆಡ್‌ಮಿಲ್ ಹತ್ತಿಸುವವರು ಅಮ್ಮನವರಿಗೆ ಬೇಡ.

ಮುಂದೆ ಕುರ್ಚಿ. ಸುಮಾರು 17 ಇಂಚು ಎತ್ತರದ್ದು, ಜರುಗದಂತೆ ಗೋಡೆಗೆ ಒತ್ತಿಟ್ಟು, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. ಟ್ರೈನರ್ ಎಲ್ಲಿ ನಿಂತು ನೋಡುತ್ತಾರೆ ಗಮನಿಸಿ. ಎದುರಿನಿಂದ ನೋಡಿದರೆ ಮಂಡಿ ಒಳಕ್ಕೆ ವಾಲುವುದು ಕಾಣುತ್ತದೆ, ಪಕ್ಕದಿಂದ ನೋಡಿದರೆ ಕೊನೆಯ ಎರಡು ಇಂಚಿನಲ್ಲಿ ಧೊಪ್ಪನೆ ಕೂರುವುದು ಕಾಣುತ್ತದೆ. ಎರಡೂ ಕಡೆಯಿಂದ ನೋಡಿ ಬರೆದುಕೊಂಡವರಿಗೆ ಒಂದು ಅಂಕ. ಧೊಪ್ಪನೆ ಕೂತರೆ ಬೆಂಚಿನ ಮೇಲೆ ದಿಂಬಿಟ್ಟು ಎತ್ತರ ಹೆಚ್ಚಿಸಿ, ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಸಬೇಕು. ಮೊದಲ ವಾರ 8–10 ರೆಪ್‌ನ ಎರಡು ಸೆಟ್ ಸಾಕು. ನಿಲ್ಲಿಸಿದಾಗ ಇನ್ನೂ ಮೂರು ಮಾಡಬಲ್ಲೆ ಅನ್ನಿಸುತ್ತಿರಬೇಕು.

ಮೊದಲ ದಿನವೇ ನೂರು ಬಸ್ಕಿ ಹೊಡೆಸುವವರು ಈಗಲೂ ಇದ್ದಾರೆ. ಅಭ್ಯಾಸವಿಲ್ಲದ ಸ್ನಾಯು ಮಿತಿಮೀರಿ ಹಾನಿಗೊಂಡರೆ ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ತೊಡೆ ಊದಿ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಮೈಕೈ ನೋವಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ_ಡಬ್ಬಿ:
ಗ್ಲಿಮೆಪಿರೈಡ್ ವಿಷಯ ಒತ್ತಿ ಹೇಳಬೇಕು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಮಾತ್ರೆ ನುಂಗಿ, ತಿಂಡಿ ಬಿಟ್ಟು, ಬೆಳಿಗ್ಗೆ ಆರಕ್ಕೆ ಜಿಮ್‌ಗೆ ಹೋಗುವುದೇ ಅಪಾಯ. ಬೆವರು, ಕೈನಡುಕ, ಎದೆಬಡಿತ ಶುಗರ್ ಇಳಿದಾಗಲೂ ಬರುತ್ತವೆ, ವ್ಯಾಯಾಮ ಮಾಡುವಾಗಲೂ ಬರುತ್ತವೆ. ಹಾಗಾಗಿ ಜಿಮ್‌ನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ.

ಇಬ್ಬರು ಟ್ರೈನರ್‌ಗಳಿಗೂ ಇದನ್ನು ಕೇಳಿ: "ಸೆಟ್ ಮಧ್ಯೆ ಅಮ್ಮ ತಡವರಿಸಿ ಮಾತಾಡಿದರೆ ಏನು ಮಾಡುತ್ತೀರಿ?" ನಿಲ್ಲಿಸಿ, ಕೂರಿಸಿ, ಗ್ಲುಕೋಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ನುಂಗಲಾರದ ಸ್ಥಿತಿಯಲ್ಲಿ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು. "ಸ್ವಲ್ಪ ರೆಸ್ಟ್ ಕೊಡ್ತೀನಿ" ಎಂಬ ಉತ್ತರ ಸಾಲದು.

ವ್ಯಾಯಾಮ ಶುರು ಮಾಡುವ ಮುಂಚೆ ಶುಗರ್ 90ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು, ಶುಗರ್ ಏರಿದ ಮೇಲೆ ಆರಂಭಿಸಲಿ. ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಿ. ಅಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಕಣ್ಣೊಳಗೆ ರಕ್ತಸ್ರಾವ ಆಗಬಹುದು. ಬಿಪಿ ಇರುವುದರಿಂದಲೂ ಎತ್ತುವಾಗ ಉಸಿರು ಬಿಡುವುದನ್ನು ಮೊದಲ ದಿನವೇ ಕಲಿಸಬೇಕು. ಮಾತ್ರೆ ಕಡಿಮೆ ಮಾಡುವ ಮಾತು ಟ್ರೈನರ್ ಬಾಯಲ್ಲಿ ಬಂದರೆ ಅವರನ್ನು ಬಿಡಿ, ಅದು ಡಾಕ್ಟರ ಕೆಲಸ.

ಕುವೆಂಪುನಗರದ_ಮಗಳು:
ತುಂಬಾ ಥ್ಯಾಂಕ್ಸ್. ಸರ್ಟಿಫಿಕೇಟ್ ಮೇಲೆ ಎಸಿಇ ಅಂತಿದೆ, ಅಸಲಿ ಅಂತ ತಿಳಿಯುವುದು ಹೇಗೆ? ಮೆಡಲಿನವರು ಪ್ರೋಟೀನ್ ಪೌಡರ್, ಫ್ಯಾಟ್ ಬರ್ನರ್ ಎರಡೂ ತೆಗೆದುಕೊಳ್ಳಲೇಬೇಕು ಅಂದರು.

ಲೆಕ್ಕದ_ಪುಸ್ತಕ:
ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ, ಎನ್‌ಎಸ್‌ಸಿಎ ಇವೆಲ್ಲ ಟ್ರೈನರ್‌ಗಳಿಗೆ ಪರೀಕ್ಷೆ ನಡೆಸುವ ಅಮೆರಿಕದ ಸಂಸ್ಥೆಗಳು. ಇವುಗಳ ಸರ್ಟಿಫಿಕೇಟ್‌ಗಳು ಜೀವಮಾನಕ್ಕಲ್ಲ, ಎರಡು-ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಗೋಡೆಯ ಫ್ರೇಮ್ ನೋಡಿ ಒಪ್ಪಬೇಡಿ. ಮುಗಿಯುವ ತಾರೀಖು ನೋಡಿ, ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಅವರ ಹೆಸರು ಹುಡುಕಿ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ಪ್ರಥಮ ಚಿಕಿತ್ಸೆ) ತರಬೇತಿಯ ಕಾರ್ಡನ್ನೂ ಕೇಳಿ, ಅದಕ್ಕೆ ಸಾಮಾನ್ಯವಾಗಿ ಎರಡು ವರ್ಷ ಆಯಸ್ಸು. ಇದಿಷ್ಟೂ ಇದ್ದರೆ ಓದಿ ಪರೀಕ್ಷೆ ಬರೆದಿದ್ದಾರೆ ಎಂದರ್ಥ, ಕಲಿಸಲು ಬರುತ್ತದೆ ಎಂದಲ್ಲ. ಟ್ರಯಲ್ ಬೇಕು ಎನ್ನುವುದು ಅದಕ್ಕೇ.

ಫ್ಯಾಟ್ ಬರ್ನರ್ ಖಂಡಿತ ಬೇಡ. ಹಲವು ಬ್ರ್ಯಾಂಡ್‌ಗಳಲ್ಲಿ ಕೆಫೀನ್ ಜಾಸ್ತಿ ಇರುತ್ತದೆ, ಬಿಪಿ ಇರುವವರಿಗೆ ಅದು ಸಲ್ಲದು. ಪೌಡರ್ ಅನಿವಾರ್ಯವಲ್ಲ: ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಪ್ರೋಟೀನ್ ಎಷ್ಟು ಹೆಚ್ಚಿಸಬಹುದು ಎನ್ನುವುದನ್ನು ಕಿಡ್ನಿ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ರಿಪೋರ್ಟ್ ನೋಡಿ ಡಯಟೀಶಿಯನ್ ಹೇಳಲಿ. ಇನ್ನು ಆ 15 ಕೆ.ಜಿ.: ಮೂರು ತಿಂಗಳಿಗೆ ಭಾಗಿಸಿದರೆ ವಾರಕ್ಕೆ ಒಂದು ಕಾಲು ಕೆ.ಜಿ. ಆಯಿತು. ಆ ವೇಗಕ್ಕೆ ಊಟ ಕತ್ತರಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಗ್ಲಿಮೆಪಿರೈಡ್ ನುಂಗುವವರಿಗೆ ಶುಗರ್ ಕುಸಿಯುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಒಳ್ಳೆಯದೇ.

36 ಸೆಷನ್ ಕಟ್ಟಬೇಡಿ. 12 ತೆಗೆದುಕೊಂಡು ವಾರಕ್ಕೆ ಎರಡರಂತೆ ಆರು ವಾರಕ್ಕೆ ಹಂಚಿ. ಆದರೆ 12 ಸೆಷನ್‌ನ ಪ್ಯಾಕೇಜ್ 30 ದಿನಕ್ಕೇ ಮುಗಿಯುತ್ತದೆ ಎಂಬ ಷರತ್ತು ಹಲವು ಕಡೆ ಇರುತ್ತದೆ, ಕೇಳಿ ತಿದ್ದಿಸಿ. ಟ್ರೈನರ್ ಕೆಲಸ ಬಿಟ್ಟರೆ ಉಳಿದ ದುಡ್ಡು ವಾಪಸ್ಸೋ ಅಥವಾ ಬೇರೆಯವರಿಗೆ ದಾಟಿಸುತ್ತಾರೋ, ಎಷ್ಟು ಗಂಟೆ ಮುಂಚೆ ಹೇಳಿದರೆ ಸೆಷನ್ ಕಳೆಯುವುದಿಲ್ಲ, ಇವೆರಡೂ ರಸೀದಿಯ ಮೇಲೆ ಬರೆದಿರಲಿ.

ಗರಡಿ_ಮಣ್ಣು:
ಒಂದು ಸೇರಿಸುತ್ತೇನೆ. ಹೆಚ್ಚಿನ ಜಿಮ್‌ಗಳಲ್ಲಿ ಡಂಬೆಲ್ 5 ಕೆ.ಜಿ. ಆದಮೇಲೆ ನೇರ 7.5. ಅಂದರೆ ಒಂದೇ ನೆಗೆತಕ್ಕೆ ಅರ್ಧದಷ್ಟು ಹೆಚ್ಚು ಭಾರ. ಅರಿತವರು 5ರಲ್ಲೇ ರೆಪ್ಪನ್ನು 15ರವರೆಗೆ ಏರಿಸಿ ಆಮೇಲೆ ಡಂಬೆಲ್ ಬದಲಿಸುತ್ತಾರೆ. "ತೂಕ ಯಾವಾಗ ಹೆಚ್ಚಿಸುತ್ತೀರಿ?" ಎಂದು ಕೇಳಿ, ಉತ್ತರದಲ್ಲಿ ಸಂಖ್ಯೆ ಇರಬೇಕು. ಮಂಡಿನೋವಿಗೂ ಹಾಗೆಯೇ: ನೋವಿಗೆ ಹತ್ತಕ್ಕೆ ಅಂಕ ಕೊಡಿಸಿದರೆ ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಬಹುದು. ಮರುದಿನವೂ ಊತ ಇದ್ದರೆ ಬೆಂಚಿನ ಮೇಲಿನ ದಿಂಬು ಮತ್ತೆ ಬರಬೇಕು. ಟ್ರಯಲ್ ಆದ ಮರುದಿನ "ಮಂಡಿ ಹೇಗಿದೆ ಅಮ್ಮ?" ಎಂದು ತಾವಾಗಿ ಫೋನ್ ಮಾಡುವವರು 24ರ ಹುಡುಗನಾದರೂ ಸರಿ, ಅವರಿಗೇ ಕೊಡಿ.