ನೆರೆ ಬಂದಾಗ ಅಗತ್ಯಗಳ ಸಮೀಕ್ಷೆ: ಅನುಭವಿಗಳು ತಿಳಿಸಿ

ಜಮಖಂಡಿಯ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನದು. ಹಿಪ್ಪರಗಿ ಬ್ಯಾರೇಜಿನ ಒಳಹರಿವು ಏರಿದರೆ ಕೃಷ್ಣೆಯ ದಂಡೆಯ ಊರುಗಳಿಗೆ ಹೊರಡಲು ಮೂವತ್ತು ವಿದ್ಯಾರ್ಥಿಗಳು ತಯಾರಿದ್ದಾರೆ. ಮನೆಮನೆಯಲ್ಲಿ ಕೇಳಲು ನಲವತ್ತು ಪ್ರಶ್ನೆಗಳ ನಮೂನೆ ಮಾಡಿದ್ದೇವೆ. 2019ರ ಆಗಸ್ಟ್‌ನ ನೆರೆಯಲ್ಲಿ ದುಡಿದವರು ದಯವಿಟ್ಟು ತಿದ್ದಿಕೊಡಿ.

ನಿವೃತ್ತ ಶಿಕ್ಷಕಿ, ಚಿಕ್ಕೋಡಿ ತಾಲ್ಲೂಕು:
ತಂಗಿ, ಆ ನಮೂನೆಯನ್ನು ಮೊದಲ ದಿನ ಹೊರಗೆ ತೆಗೆಯಬೇಡಿ. ನಮ್ಮ ಶಾಲೆಯೇ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರವಾಗಿತ್ತು. ಒಂದೇ ದಿನ ಮೂರು ತಂಡಗಳು ಬಂದು ಒಬ್ಬ ಅಜ್ಜಿಯ ಹೆಸರನ್ನು ಮೂರು ಸಲ ಬರೆದುಕೊಂಡವು. ಆಕೆಗೆ ಬೇಕಿದ್ದದ್ದು ರಕ್ತದೊತ್ತಡದ ಮಾತ್ರೆ. ಸಂಜೆಗೆ ಬಂದದ್ದು ಹಳೆಯ ಸೀರೆಗಳ ಗಂಟು. ಅಜ್ಜಿ ಆ ಗಂಟಿನ ಮೇಲೆಯೇ ತಲೆಯಿಟ್ಟು ಮಲಗಿದ್ದರು. ಇಂದಿಗೂ ನನಗೆ ಅದು ಮರೆತಿಲ್ಲ.

ಮೊದಲ ದಿನ ಮನೆಯನ್ನಲ್ಲ, ಊರನ್ನು ಕೇಳಿ. ಎಷ್ಟು ಜನ, ಬಸುರಿಯರು ಎಷ್ಟು, ಹಸುಗೂಸುಗಳು ಎಷ್ಟು, ದಿನವೂ ಔಷಧ ತೆಗೆದುಕೊಳ್ಳುವವರು ಯಾರು, ಕುಡಿಯುವ ನೀರು ಎಲ್ಲಿಂದ, ಯಾವ ದಾರಿ ಇನ್ನೂ ತೆರೆದಿದೆ. ಇದಕ್ಕೆಲ್ಲ ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ ಮತ್ತು ಗ್ರಾಮ ಆಡಳಿತ ಅಧಿಕಾರಿಯನ್ನು ಒಟ್ಟಿಗೆ ಕೂರಿಸಿದರೆ ಅರ್ಧ ತಾಸು ಸಾಕು. ಮುಟ್ಟಿನ ಬಟ್ಟೆ, ರಾತ್ರಿ ಶೌಚಾಲಯದ ಬಳಿ ಬೆಳಕು ಇವುಗಳ ಬಗ್ಗೆ ವಿದ್ಯಾರ್ಥಿನಿಯರೇ ಹೆಂಗಸರನ್ನು ಬೇರೆಯಾಗಿ ಕೇಳಲಿ. ಗಂಡಸರ ಎದುರು ಯಾರೂ ಬಾಯಿ ಬಿಡುವುದಿಲ್ಲ. ಗಡಿಯ ಊರುಗಳಲ್ಲಿ ಮರಾಠಿ ಬಲ್ಲವರೊಬ್ಬರು ಜೊತೆಗಿರಬೇಕು.

ಹೈನುಗಾರ, ಮುಧೋಳ:
ಕಾಳಜಿ ಕೇಂದ್ರದಲ್ಲಿ ಕಂಡ ತಲೆಗಳನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಘಟಪ್ರಭೆ ಉಕ್ಕಿದಾಗ ನಮ್ಮ ಮನೆಯ ಹೆಂಗಸರು, ಮಕ್ಕಳು ಕೇಂದ್ರಕ್ಕೆ ಹೋದರು. ನಾನು, ನನ್ನ ತಮ್ಮ ಎಮ್ಮೆಗಳೊಂದಿಗೆ ತೋಟದ ದಿಬ್ಬದಲ್ಲೇ ಉಳಿದೆವು. ಯಾವ ಪಟ್ಟಿಯಲ್ಲೂ ನಮ್ಮ ಹೆಸರು ಇರಲಿಲ್ಲ. ಊರಿನ ಒಟ್ಟು ಜನರಲ್ಲಿ ಕೇಂದ್ರದಲ್ಲಿರುವವರನ್ನೂ ನೆಂಟರ ಮನೆಗೆ ಹೋದವರನ್ನೂ ಕಳೆಯಿರಿ. ಉಳಿದವರು ಎಲ್ಲಿದ್ದಾರೆ ಎಂದು ಹುಡುಕಿ. ದೋಣಿ ಮೊದಲು ಅಲ್ಲಿಗೆ ಹೋಗಬೇಕು. ಮೇವಿನ ಪ್ರಶ್ನೆಯನ್ನು ಬಿಡಬೇಡಿ. ದನಗಳಿಗೆ ನೆಲೆ ಸಿಕ್ಕ ಮೇಲೆಯೇ ರೈತ ನೀರಿನಿಂದ ಹೊರಗೆ ಬರುತ್ತಾನೆ.

ಅಂಕಿಅಂಶ ವಿಶ್ಲೇಷಕಿ, ಬೆಳಗಾವಿ:
ಮೇಲಿನ ಕಳೆಯುವ ಲೆಕ್ಕವೇ ನಮ್ಮ ಕೆಲಸದ ಜೀವಾಳ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ. ಪ್ರತಿ ಹಾಳೆಯ ಮೇಲೂ ತಾರೀಖಿನ ಜೊತೆಗೆ ಗಂಟೆಯನ್ನೂ ಬರೆಯಿರಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ, ಬೆಳಗಿನ ಸಂಖ್ಯೆ ಸಂಜೆಗೆ ಹಳತಾಗುತ್ತದೆ. ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಪಟ್ಟಿಗಳು ಕೂಡಿಬರುವುದಿಲ್ಲ; ಜನಗಣತಿಯ ಗ್ರಾಮಸಂಖ್ಯೆಯನ್ನು ಮೊದಲೇ ಮುದ್ರಿಸಿಕೊಳ್ಳಿ.

ಸಂಖ್ಯೆ ಸಿಕ್ಕೊಡನೆ ಅದನ್ನು ಬೇಡಿಕೆಯಾಗಿ ಬದಲಿಸಿ. ವಿಪತ್ತಿನ ನೆರವಿಗೆ ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, ತಂಗಲು 3.5 ಚದರ ಮೀಟರ್ ಜಾಗ ಬೇಕು. 300 ಜನರಿದ್ದರೆ 4,500 ಲೀಟರ್. ‘ನೀರಿನ ತೊಂದರೆಯಿದೆ’ ಎಂದು ತಹಶೀಲ್ದಾರರಿಗೆ ಹೇಳುವುದಕ್ಕಿಂತ ‘ನಾಳೆ ಬೆಳಿಗ್ಗೆ ಇಂಥ ಶಾಲೆಗೆ 5,000 ಲೀಟರಿನ ಒಂದು ಟ್ಯಾಂಕರ್’ ಎಂದರೆ ಕೆಲಸ ನಡೆಯುತ್ತದೆ. ಆಧಾರ್ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ.

ನೇಕಾರ, ರಾಮದುರ್ಗ:
ನಿಮ್ಮ ನಲವತ್ತು ಪ್ರಶ್ನೆಗಳು ನೀರು ಇಳಿದ ಮೇಲೆ ಬೇಕಾಗುತ್ತವೆ. ಮಲಪ್ರಭೆ ಇಳಿದಾಗ ನಾವು ಅವಸರದಲ್ಲಿ ಕೆಸರು ತೊಳೆದೆವು, ಹಾನಿಯ ಗುರುತೂ ತೊಳೆದುಹೋಯಿತು. ಪರಿಹಾರಕ್ಕಾಗಿ ಮನೆಗಳನ್ನು ಹಾನಿಯ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸುವಾಗ ಕುಸಿದ ಗೋಡೆಯ ಫೋಟೊ ಇಲ್ಲದೆ ವಾದಿಸಲು ಆಗಲಿಲ್ಲ. ಗುಡಿಸುವ ಮೊದಲು ಫೋಟೊ ತೆಗೆಯಲು ವಿದ್ಯಾರ್ಥಿಗಳು ನೆರವಾಗಲಿ. ಬಾಡಿಗೆ ಮನೆಯವರಿಗೂ ಮಗ್ಗಕ್ಕೂ ನಿಮ್ಮ ನಮೂನೆಯಲ್ಲಿ ಒಂದೊಂದು ಸಾಲು ಇದೆಯೇ?

ಪ್ರಶ್ನೆ ಕೇಳಿದವರು:
ಇರಲಿಲ್ಲ, ಅಣ್ಣಾ. ಎರಡನ್ನೂ ಈಗಲೇ ಸೇರಿಸಿದೆ. ಮೊದಲ ದಿನಕ್ಕೆ ಒಂಬತ್ತೇ ಪ್ರಶ್ನೆಗಳ ಬೇರೆ ಹಾಳೆ ಮಾಡುತ್ತಿದ್ದೇವೆ. ಶನಿವಾರ ಒಂದು ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ಅದನ್ನು ತುಂಬಿ ನೋಡುತ್ತೇವೆ.